ಹಾಸಿಗೆ ಕಟ್ಟಿದ ರೆಕಾರ್ಡಿಂಗು

ಹಫೀಜಾ ನೆನೆಸಿಟ್ಟ ಬೆಡ್‌ಶೀಟನ್ನು ಸುರುಳಿ ಮಾಡಿ, ಒಗೆಯುವ ಕಲ್ಲಿಗೆ ಬಡಿಯಲೆಂದು ತಲೆಯ ಮೇಲಕ್ಕೆ ಎತ್ತಿದಳು. ಎತ್ತಿದ ಬೆಡ್‌ಶೀಟು ಕೆಳಗೆ ಬರಲಿಲ್ಲ. ತಿರುಗಿ ನೋಡಿದರೆ ಅದರ ಇನ್ನೊಂದು ತುದಿ ಅವಳ ಗಂಡ ಅಬ್ದುಲ್ ಜಬ್ಬಾರನ ಕೈಯಲ್ಲಿತ್ತು. ಸೋಪಿನ ನೀರು ಅವನ ಟೋಪಿಯಿಂದ ಗಡ್ಡಕ್ಕೆ, ಗಡ್ಡದಿಂದ ಇಸ್ತ್ರಿ ಮಾಡಿದ ಜುಬ್ಬಾಕ್ಕೆ ಇಳಿಯುತ್ತಿತ್ತು.

“ಶ್!” ಎಂದ ಜಬ್ಬಾರ್. “ಇವತ್ತು ಬಟ್ಟೆ ಒಗೆಯೋ ಹಾಗಿಲ್ಲ.”

“ಯಾಕ್ರೀ? ನೀರು ನಿಂತೋಗ್ತದಾ?”

“ನೀರಲ್ಲ, ಸದ್ದು. ಹತ್ತು ಗಂಟೆಗೆ ರೆಕಾರ್ಡಿಂಗ್ ಇದೆ.”

“ಈಗಿನ್ನೂ ಏಳು ಗಂಟೆ.”

“ಸದ್ದು ಅನ್ನೋದು ಗಾಳೀಲಿ ನಿಂತಿರ್ತದೆ ಹಫೀಜಾ. ನಂಗೆ ಗೊತ್ತಿಲ್ವಾ?”

‘ನಂಗೆ ಗೊತ್ತಿಲ್ವಾ?’ ಎಂದು ಜಬ್ಬಾರ್ ಹೇಳಿದ ಮೇಲೆ ಆ ವಿಷಯದಲ್ಲಿ ಮುಂದಕ್ಕೆ ಮಾತಿಲ್ಲ. ಮನೆಯೊಳಗೆ ಉರ್ದುವಿನಲ್ಲಿ, ಹೊಸಿಲಾಚೆ ಕನ್ನಡದಲ್ಲಿ, ಗೂಡಲೂರಿನ ಗಿರಾಕಿ ಬಂದರೆ ಅರ್ಧ ಮಲಯಾಳದಲ್ಲಿ ಅವನು ದಿನವೆಲ್ಲಾ ಅದನ್ನೇ ಕೇಳುತ್ತಿದ್ದ. ಈ ಪ್ರಶ್ನೆಗೆ ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಹಫೀಜಾ ಬೆಡ್‌ಶೀಟನ್ನು ಮತ್ತೆ ಬಕೆಟ್ಟಿಗೆ ಹಾಕಿದಳು. ಮೆಲ್ಲಗೆ ಹಾಕಿದಳು.

ಗುಂಡ್ಲುಪೇಟೆಯಲ್ಲಿ ಹಾಸಿಗೆ ಜಬ್ಬಾರ್ ಎಂದರೆ ಯಾರಾದರೂ ಅಂಗಡಿ ತೋರಿಸುತ್ತಾರೆ. ಬೂರುಗದ ಹತ್ತಿ ತುಂಬಿ ಅವನು ಹೊಲಿದ ಹಾಸಿಗೆಯ ಮೇಲೆ ಮಲಗಿದವರು ಎದ್ದು ಬಂದು ದೂರು ಹೇಳಿದ್ದಿಲ್ಲ. ಆದರೆ ಆ ಹೆಸರು ಅವನಿಗೆ ರುಚಿಸುತ್ತಿರಲಿಲ್ಲ. ಅವನು ತನ್ನನ್ನು ರೆಕಾರ್ಡಿಂಗ್ ಜಬ್ಬಾರ್ ಎಂದೇ ತಿಳಿದಿದ್ದ. ಮದುವೆಗೆ ಮುಂಚೆ ಅವನ ಬಳಿ ಒಂದು ಟೇಪ್‌ರೆಕಾರ್ಡರ್ ಇತ್ತು. ರೇಡಿಯೋದ ಬಾಯಿಗೆ ಅದರ ಬಾಯಿ ಹಿಡಿದು ಹಾಡು ತುಂಬಿಕೊಳ್ಳುತ್ತಿದ್ದ. ನಿಕಾಹ್ ಇದ್ದಲ್ಲಿ ಖಾಜಿಯವರ ಮುಂದೆ ಅದನ್ನಿಟ್ಟು, ತುಟಿಯ ಮೇಲೆ ಬೆರಳಿಟ್ಟು, ನೆಂಟರನ್ನೆಲ್ಲ ಕಣ್ಣಿನಲ್ಲೇ ಹೆದರಿಸುತ್ತಿದ್ದ. ಅವನ ಸ್ವಂತ ಅಕ್ಕ ಫರಹತಳ ನಿಕಾಹ್‌ನಲ್ಲಿ ಮದುಮಗ ‘ಒಪ್ಪಿದ್ದೇನೆ’ ಎನ್ನುವ ಹೊತ್ತಿಗೆ ಸರಿಯಾಗಿ ಯಾರೋ ಕೆಮ್ಮಿಬಿಟ್ಟರು. ಕ್ಯಾಸೆಟ್ಟಿನಲ್ಲಿ ಒಪ್ಪಿಗೆ ಇಲ್ಲ, ಕೆಮ್ಮು ಇದೆ. ಚಾಮರಾಜನಗರದಲ್ಲಿ ಸಂಸಾರ ಮಾಡಿಕೊಂಡಿರುವ ಫರಹತ್ ಇವತ್ತಿಗೂ ಗಂಡನ ಮೇಲೆ ಸಿಟ್ಟು ಬಂದರೆ, “ನೀವೆಲ್ಲಿ ಒಪ್ಪಿದ್ರಿ? ನೀವು ಬರೀ ಕೆಮ್ಮಿದ್ದು” ಎನ್ನುತ್ತಾಳೆ.

ಆ ಕೆಮ್ಮು ಜಬ್ಬಾರನ ಎದೆಯಿಂದ ಇಳಿದಿರಲಿಲ್ಲ. ಅದಕ್ಕೇ ಎರಡು ಸಾವಿರದ ಒಂಬತ್ತನೆಯ ಇಸವಿಯಲ್ಲಿ, ಡಿಶ್ ಅಂಗಡಿಯ ಜಾಕಿರ್ ಬಂದು “ಭಾಯ್, ಹೊಸ ಡಬ್ಬ ಬಂದದೆ, ಟೀವೀಲಿ ಬಂದಿದ್ದನ್ನ ಒಳಗೇ ಇಟ್ಕೊಂಡು ಬೇಕಾದಾಗ ತೋರಿಸ್ತದೆ” ಎಂದಾಗ, ಜಬ್ಬಾರ್ ಮಿಕ್ಕ ಮಾತು ಕೇಳಿಸಿಕೊಳ್ಳಲೇ ಇಲ್ಲ. ಕೇಳಿಸಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅದೇ ವಾರ ಕೇಬಲ್ ಗಂಗಾಧರಸ್ವಾಮಿಯ ಮೇಲೆ ಅವನಿಗೆ ಕೋಪವೂ ಬಂದಿತ್ತು. ಗಂಗಾಧರಸ್ವಾಮಿ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯಿಂದ ಊರಿಗೆಲ್ಲ ಕೇಬಲ್ ಕೊಡುತ್ತಿದ್ದವನು. ತನ್ನದೇ ಒಂದು ಊರ ಚಾನಲ್ಲನ್ನೂ ನಡೆಸುತ್ತಿದ್ದ. ಹುಟ್ಟುಹಬ್ಬದ ಶುಭಾಶಯ, ಕರೆಂಟು ಹೋಗುವ ವೇಳೆ, ಕಳೆದುಹೋದ ಎಮ್ಮೆ, ಎಲ್ಲಾ ಅದರಲ್ಲೇ. ಜಬ್ಬಾರ್ ನೋಡುತ್ತಿದ್ದ ಸಿನಿಮಾದಲ್ಲಿ ಕೊಲೆಗಾರ ಯಾರೆಂದು ಗೊತ್ತಾಗುವ ಗಳಿಗೆಯಲ್ಲಿ ಅಂಥದೇ ಒಂದು ಎಮ್ಮೆ ಬಂದು ಪರದೆಯ ತುಂಬಾ ನಿಂತಿತು. ಎಮ್ಮೆ ಹೋಗುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಜಬ್ಬಾರ್ ಹಾಸಿಗೆ ಬಟ್ಟೆಯ ದೊಡ್ಡ ಕತ್ತರಿ ತಂದು ಕೇಬಲ್ಲನ್ನು ತಾನೇ ಕತ್ತರಿಸಿದ.

“ಇನ್ಮೇಲೆ ಆಕಾಶದಿಂದ ನೇರ ನಮ್ಮನೆಗೆ” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ. “ಮಧ್ಯದಲ್ಲಿ ಗಂಗಾಧರಸ್ವಾಮಿ ಇಲ್ಲ.”

ಮಧ್ಯದಲ್ಲಿ ಗಂಗಾಧರಸ್ವಾಮಿ ಇರಲಿಲ್ಲ, ನಿಜ. ಕೋತಿಗಳಿದ್ದವು. ಹೊಸ ಡಿಶ್ಶಿನ ಬಟ್ಟಲು ಅವಕ್ಕೆ ಕೂರಲು ಬಹಳ ಅನುಕೂಲವಾಗಿತ್ತು. ಅವು ಕೂತೆದ್ದರೆ ಡಿಶ್ಶು ಆಕಾಶ ಬಿಟ್ಟು ಊಟಿ ರಸ್ತೆಯ ಕಡೆ ನೋಡುತ್ತಿತ್ತು. ಆಗ ಜಬ್ಬಾರ್ ತಾರಸಿ ಹತ್ತುತ್ತಿದ್ದ, ಹಫೀಜಾ ಒಲೆ ಬಿಟ್ಟು ಟೀವಿಯ ಮುಂದೆ ನಿಲ್ಲುತ್ತಿದ್ದಳು, ನಡುವೆ ಮೆಟ್ಟಿಲ ಮೇಲೆ ಮಗಳು ಉಮ್ಮೆ ಹಬೀಬಾ. ಐದನೇ ಕ್ಲಾಸಿನ ಆ ಹುಡುಗಿಗೆ ಮೇಲಿನ ಮಾತನ್ನು ಕೆಳಕ್ಕೂ ಕೆಳಗಿನ ಮಾತನ್ನು ಮೇಲಕ್ಕೂ ಮುಟ್ಟಿಸುವ ಕೆಲಸ.

“ಬಂತಾ?” ಎಂದು ಮೇಲಿನಿಂದ.

“ಬಂತು!” ಎಂದು ಕೆಳಗಿನಿಂದ.

“ಈಗ?”

“ಹೋಯ್ತು!”

“ಶ್! ಕಿರಿಚಬೇಡಿ, ಸಿಗ್ನಲ್ ಹೆದರ್ತದೆ. ನಂಗೆ ಗೊತ್ತಿಲ್ವಾ?”

ತಾಲ್ಲೂಕಿನ ಪ್ರತಿಭಾ ಕಾರಂಜಿ ನಡೆದ ದಿನವೂ ಕೋತಿಗಳು ಕೆಲಸಕ್ಕೆ ರಜೆ ಹಾಕಿರಲಿಲ್ಲ. ಹಬೀಬಾ ಅಣಕು ಸ್ಪರ್ಧೆಗೆ ಸೇರಿದ್ದಳು. ಅಬ್ಬಾ ಬರುತ್ತೇನೆ ಎಂದಿದ್ದ, ಜುಬ್ಬಾವನ್ನೂ ಹಾಕಿಕೊಂಡಿದ್ದ. ಹೊರಡುವ ಹೊತ್ತಿಗೆ ಟೀವಿ ಹೋಯಿತು. ಹುಡುಗಿ ಟೀಚರ ಜೊತೆ ಹೋದಳು. ಸಂಜೆ ಒಂದು ಸ್ಟೀಲಿನ ಡಬ್ಬಿ ಹಿಡಿದು ಓಡಿಬಂದು ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು.

“ಅಬ್ಬಾ, ನಂಗೆ ಫಸ್ಟ್ ಬಂತು!”

“ಬಂತಾ?” ಎಂದ ಜಬ್ಬಾರ್ ಡಿಶ್ಶಿನ ಹಿಂದಿನಿಂದ. “ಅಲ್ಲೇ ಇರು... ಈಗ ಹೋಯ್ತಾ?”

ಕೆಳಗಿಳಿದು ವಿಷಯ ತಿಳಿದ ಮೇಲೆ ಅವನ ಕಣ್ಣು ತುಂಬಿತು. ಅದನ್ನು ಹಫೀಜಾ ನೋಡಿದಳು. “ಏನು ಅಣಕಿಸಿದೆ ಬೇಟಾ?” ಎಂದು ಅವಳು ಮಗಳನ್ನು ಕೇಳಿದರೆ, ಹುಡುಗಿ ತಾಯಿಯ ಮುಖ ನೋಡಿ, ತಂದೆಯ ಮುಖ ನೋಡಿ, ದುಪಟ್ಟಾದ ತುದಿ ಕಚ್ಚಿಕೊಂಡು, “ಅಬ್ಬಾ, ಒಂದು ಕೇಳ್ಲಾ?” ಎಂದಳು.

“ಏನೂ ಹೇಳ್ಬೇಡ!” ಎಂದು ಜಬ್ಬಾರ್ ಕೈ ಅಡ್ಡ ಹಿಡಿದ. “ಗಂಗಾಧರಸ್ವಾಮಿ ಕ್ಯಾಮೆರಾ ತಂದಿದ್ನಂತೆ. ಭಾನುವಾರ ಹತ್ತು ಗಂಟೆಗೆ ಅವನ ಚಾನಲ್ಲಲ್ಲಿ ಹಾಕ್ತಾನಂತೆ. ನಾನು ಟೀವೀಲೇ ನೋಡೋದು. ಈಗ ಹೇಳಿದ್ರೆ ರುಚಿ ಹೋಗ್ತದೆ.”

ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ, “ನನ್ನ ಮಗಳು ಬಂಡೀಪುರದ ಆನೆ ಹಾಗೆ ಘೀಳಿಡ್ತಾಳೆ, ಜಡ್ಜುಗಳು ಎದ್ದು ಓಡೋದೊಂದು ಬಾಕಿ” ಎನ್ನತೊಡಗಿದ. ಅವಳು ಆನೆಯನ್ನು ಮಾಡಿದಳೆಂದು ಅವನಿಗೆ ಹೇಳಿದವರು ಯಾರೂ ಇಲ್ಲ. ಅಣಕು ಎಂದ ಮೇಲೆ ಆನೆ ಇರಲೇಬೇಕು ಎಂದು ಅವನೇ ತೀರ್ಮಾನಿಸಿದ್ದ.

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ತೊಡಕು ಗೊತ್ತಾಯಿತು. ಆಕಾಶದಲ್ಲಿ ಗುಂಡ್ಲುಪೇಟೆಯ ಚಾನಲ್ ಇರಲಿಲ್ಲ.

ಜಬ್ಬಾರ್ ಡಿಶ್ ಕಂಪನಿಗೆ ಫೋನು ಮಾಡಿದ. ಆ ಕಡೆಯ ಹುಡುಗಿಯ ಮರ್ಯಾದೆ ಎಷ್ಟೆಂದರೆ ಫೋನು ಕಿವಿಗೆ ತಂಪಾಗಿತ್ತು.

“ಹೇಳಿ ಸರ್, ತಮಗೆ ಯಾವ ಚಾನಲ್ ಬರ್ತಾ ಇಲ್ಲ?”

“ನಮ್ಮೂರುದು ಕಣಮ್ಮ. ಬಸ್‌ಸ್ಟ್ಯಾಂಡ್ ಹಿಂದ್ಗಡೆಯಿಂದ ಬತ್ತದಲ್ಲ, ಅದು.”

“ಖಂಡಿತ ಸರ್. ಬಸ್‌ಸ್ಟ್ಯಾಂಡ್ ಅನ್ನೋ ಹೆಸರಿನ ಚಾನಲ್ ನಮ್ಮಲ್ಲಿ ಲಭ್ಯವಿಲ್ಲ ಸರ್. ತಮ್ಮ ಊರಿಗೆ ಹತ್ತಿರದಲ್ಲಿ ಯಾವ ಯಾವ ಊರುಗಳು ಬರ್ತವೆ ಸರ್?”

“ಆ ಕಡೆ ಊಟಿ, ಈ ಕಡೆ ಬತ್ತೇರಿ.”

“ಧನ್ಯವಾದ ಸರ್. ತಮ್ಮ ಹತ್ತಿರದ ಚಾನಲ್‌ಗಳೆಲ್ಲ ಈಗ ಚಾಲೂ ಆಗಿವೆ ಸರ್.”

ಆಗಿದ್ದವು. ಬತ್ತೇರಿ ಹತ್ತಿರ ಎಂದದ್ದಕ್ಕೆ ಕೇರಳದ ಚಾನಲ್ಲುಗಳೆಲ್ಲ ಸಾಲಾಗಿ ಬಂದು ಕೂತಿದ್ದವು.

“ಪಕ್ಕದ ಶಿವಲಕ್ಷ್ಮಿ ಮನೇಲಿ ಕೇಬಲ್ ಇದೆ. ಅಲ್ಲೇ ಹೋಗಿ ನೋಡ್ಬಹುದಲ್ವಾ?” ಎಂದು ಹಫೀಜಾ ಕೇಳಿದಳು.

“ರೆಕಾರ್ಡಿಂಗ್ ಡಬ್ಬ ಇಟ್ಕೊಂಡೋನು ಇನ್ನೊಬ್ಬರ ಮನೇಲಿ ಚಾಪೆ ಮೇಲೆ ಕೂತು ನೋಡ್ಲಾ?” ಎಂದು ಜಬ್ಬಾರ್ ಜುಬ್ಬಾದ ತೋಳು ಮಡಿಸಿದ. “ಅಲ್ಲಿಗೆ ನಾವು ಹೋಗೋದಿಲ್ಲ. ಅದನ್ನೇ ಇಲ್ಲಿಗೆ ತರ್ತೀನಿ.”

ಶಿವಲಕ್ಷ್ಮಿಯ ಗಂಡ ಶಾಂತರಾಜು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗಾರ್ಡು. ಕಾಡಿನಲ್ಲಿ ಕದ್ದವರನ್ನು ಹಿಡಿಯುವವನು ಊರಿನಲ್ಲಿ ಇಲ್ಲವೆನ್ನಲಾರದವನು. “ತಕಳಣ್ಣ, ಅದಕ್ಕೇನಂತೆ” ಎಂದುಬಿಟ್ಟ. ಶನಿವಾರ ಸಂಜೆ ಅವನ ಕೇಬಲ್ಲಿಗೆ ಒಂದು ತಂತಿ ಕಟ್ಟಿ, ಗೋಡೆ ಹಾರಿಸಿ, ನುಗ್ಗೆಮರ ಬಳಸಿ ತಂದು ಜಬ್ಬಾರ್ ತನ್ನ ಟೀವಿಯ ಬೆನ್ನಿಗೆ ಚುಚ್ಚಿದ. ಊರ ಚಾನಲ್ ಬಂತು. ಎಮ್ಮೆಯೇ ಇತ್ತು.

“ಟೀವೀಲಿ ಬಂತು ಸರಿ, ಡಬ್ಬದೊಳಕ್ಕೆ ಹೋಗ್ತದಾ?” ಎಂದಳು ಹಫೀಜಾ.

“ಟೀವಿಗೂ ಡಬ್ಬಕ್ಕೂ ತಂತಿ ಇದೆಯೋ ಇಲ್ವೋ? ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗದೆ ಎಲ್ಲಿಗೆ ಹೋಗ್ತದೆ? ನಂಗೆ ಗೊತ್ತಿಲ್ವಾ?”

ಹೀಗಾಗಿ ಭಾನುವಾರ ಬೆಳಿಗ್ಗೆ ಬೆಡ್‌ಶೀಟು ಬಕೆಟ್ಟಿನಲ್ಲೇ ಉಳಿಯಿತು. ಕುಕ್ಕರು ಇಳಿಯಿತು, ಅನ್ನವನ್ನು ತಪ್ಪಲೆಯಲ್ಲಿ ಬೇಯಿಸಬೇಕಾಯಿತು. ಗಡಿಯಾರದ ಶೆಲ್ ತೆಗೆದದ್ದರಿಂದ ಹತ್ತು ಗಂಟೆ ಆಯಿತೇ ಎಂದು ತಿಳಿಯಲು ಜಬ್ಬಾರ್ ಗಳಿಗೆಗೊಮ್ಮೆ ಬೀದಿಗೆ ಹೋಗಿ ಹೋಗುವವರನ್ನು ಕೇಳಿ ಬರುತ್ತಿದ್ದ. ಹಾಗೆ ಹೋದಾಗ ಸೊಪ್ಪಿನ ಮಲ್ಲಾಜಮ್ಮ ಬುಟ್ಟಿ ಹೊತ್ತು “ಸೊಪ್ಪೋ ಸೊಪ್ಪು” ಎಂದು ಬೀದಿಗೆ ತಿರುಗಿದಳು. ಜಬ್ಬಾರ್ ಎರಡು ಕೈಯನ್ನೂ ಅಗಲಿಸಿ ಅಡ್ಡ ನಿಂತ.

“ಶ್! ಇವತ್ತು ಸದ್ದಿಲ್ದೆ ಮಾರಮ್ಮ.”

“ಸದ್ದಿಲ್ದೆ ಮಾರಕ್ಕೆ ನಾನೇನ್ ಕಳ್ಬಟ್ಟಿ ತಂದಿದ್ದನಾ ಜಬ್ಬಾರಣ್ಣ? ದಂಟಿನ ಸೊಪ್ಪು ಕಣಪ್ಪ!”

“ನನ್ ಮಗಳು ಟೀವೀಲಿ ಬತ್ತಾಳೆ. ರೆಕಾರ್ಡ್ ಆಯ್ತದೆ.”

“ಟೀವಿ ಒಳಗಿರೋಳ್ಗೆ ನನ್ ಸೊಪ್ಪು ಕೇಳ್ಸದಾ?”

ಜಬ್ಬಾರ್ ಅದಕ್ಕೂ ತನ್ನ ಪ್ರಶ್ನೆಯನ್ನೇ ಹೇಳಿ, ಅವಳ ಬುಟ್ಟಿಗೆ ಕೈಹಚ್ಚಿ ಬೀದಿ ದಾಟಿಸಿ ಬಂದ. ಹೆದ್ದಾರಿಯ ಲಾರಿಗಳನ್ನು ಏನೂ ಮಾಡಲಾಗಲಿಲ್ಲ. ರಾತ್ರಿಯೆಲ್ಲ ಬಂಡೀಪುರದ ಗೇಟು ಹಾಕಿರುವುದರಿಂದ ಕೇರಳದ ಲಾರಿಗಳು ಬೆಳಗಾದ ಮೇಲೆ ಸೇರಿಸಿ ಹಾರ್ನು ಹೊಡೆಯುತ್ತಿದ್ದವು. ಅದಕ್ಕೆ ಅವನ ಅಂಗಡಿಯಲ್ಲಿಯೇ ಮದ್ದಿತ್ತು. ಹೊಲಿದಿಟ್ಟಿದ್ದ ಹಾಸಿಗೆಗಳೆಲ್ಲ ತಳ್ಳುಗಾಡಿಯಲ್ಲಿ ಮನೆಗೆ ಬಂದವು. ಕಿಟಕಿಗೊಂದು, ಬಾಗಿಲಿಗೆರಡು, ಗೋಡೆಗಳಿಗೆ ಸುತ್ತ, ಮಿಕ್ಕವು ನೆಲಕ್ಕೆ. “ಬೂರುಗದ ಹತ್ತಿ ಸದ್ದು ಕುಡೀತದೆ” ಎಂದ. ಟೀವಿ ಇದ್ದ ನಡುಮನೆ ಒಂದು ದೊಡ್ಡ ದಿಂಬಿನ ಹೊಟ್ಟೆಯಂತೆ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ಫರಹತ್ ಚಾಮರಾಜನಗರದ ಬಸ್ಸಿಳಿದು, ಸೇಮಿಗೆ ಪಾಯಸದ ಪಾತ್ರೆ ಹಿಡಿದು ಬಂದಳು. ಹೊಸಿಲಲ್ಲಿ ನಿಂತು ಒಳಗೆ ಇಣುಕಿ, “ಯಾರಿಗೆ ಹೆರಿಗೆ?” ಎಂದಳು.

“ಶ್! ಆಪಾ, ಅಂಗಳದಲ್ಲಿ ಕೂತ್ಕೋ. ಒಳಗೆ ಯಾರೂ ಇರಬಾರದು.”

“ಒಳಗೆ ಯಾರೂ ಇಲ್ದೆ ಟೀವಿ ಯಾರು ನೋಡೋದು?”

“ಈಗ ನೋಡೋದಲ್ಲ, ತುಂಬೋದು. ನೋಡೋದು ಆಮೇಲೆ. ನಿನ್ನ ನಿಕಾಹ್‌ನಲ್ಲಿ ಏನಾಯ್ತು, ಮರೆತೆಯಾ?”

ಮರೆಯುವ ಮಾತೇ ಅಲ್ಲವಾದ್ದರಿಂದ ಫರಹತ್ ಅಂಗಳದಲ್ಲಿ ಕೂತಳು. ಕರೆದ ನೆಂಟರು, ನೆರೆಯವರಲ್ಲಿ ಕೇಬಲ್ ಇದ್ದ ಜಾಣರು ತಮ್ಮ ತಮ್ಮ ಮನೆಗೆ ತಿರುಗಿದರು. ಮಿಕ್ಕವರು ಅಂಗಳದ ಚಾಪೆ ತುಂಬಿದರು. ಹಬೀಬಾ ಹೊಸ ಲಂಗ ತೊಟ್ಟು ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಫೀಜಾ ಒಂದು ಬಟ್ಟಲು ಪಾಯಸ ಹಿಡಿದರೆ ಬೇಡವೆಂದಳು. ಪಾಯಸ ಬೇಡವೆನ್ನುವ ಹುಡುಗಿಯಲ್ಲ ಅವಳು.

“ಹೆದರಿಕೆಯಾ ಬೇಟಾ?”

ಹುಡುಗಿ ತಲೆಯಾಡಿಸಿ, ಬಾಗಿಲಿಗೆ ಕೊನೆಯ ಹಾಸಿಗೆ ಒರಗಿಸುತ್ತಿದ್ದ ತಂದೆಯ ಹತ್ತಿರ ಹೋದಳು. “ಅಬ್ಬಾ, ಒಂದು ಕೇಳ್ಲಾ? ಅವತ್ತು ನಾನು ಮಾಡಿದ್ದು...”

“ಶ್! ಹತ್ತು ಆಯ್ತು!” ಎಂದ ಜಬ್ಬಾರ್. ಹಾಸಿಗೆಯ ಸಂದಿಯಲ್ಲಿ ತೂರಿ ಒಳಗೆ ಹೋಗಿ ಡಬ್ಬದ ಕೆಂಪು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಕಾಲ ತುದಿಯಲ್ಲಿ ಹೊರಗೆ ಬಂದು, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತ.

ಅಂಗಳದಲ್ಲಿ ಅಷ್ಟು ಜನ, ಒಂದು ಉಸಿರಿಲ್ಲ. ಫರಹತ್‌ಗೆ ಕೆಮ್ಮು ಬಂತು. ತಮ್ಮನ ಕಣ್ಣು ನೋಡಿ ಅದನ್ನು ಪಾಯಸದ ಜೊತೆ ನುಂಗಿದಳು. ನುಗ್ಗೆಮರದ ಮೇಲೆ ಕೋತಿಯೊಂದು ಕೂತು ಈ ಜನಕ್ಕೆ ಏನಾಯಿತೆಂದು ನೋಡುತ್ತಿತ್ತು.

ಆಗ ಗೋಡೆಯಾಚೆ, ಶಾಂತರಾಜುವಿನ ಮನೆಯ ಕಿಟಕಿಯಿಂದ, ಒಂದು ಗಂಡುದನಿ ಗಂಟಲು ಸರಿಪಡಿಸಿಕೊಂಡು ಹೇಳಿತು: “ಶ್!”

ಜಬ್ಬಾರ್ ಕತ್ತು ತಿರುಗಿಸಿದ. “ಶ್!” ಎಂದು ಗೋಡೆಗೆ ಹೇಳಿದ.

“ಶ್! ಯಾರದು ಕೆಮ್ಮಿದ್ದು?” ಎಂದಿತು ಗೋಡೆ. “ಬಂತಾ? ಈಗ ಬಂತಾ? ಹೋಯ್ತಾ? ನಂಗೆ ಗೊತ್ತಿಲ್ವಾ?”

ಆಚೆ ಮನೆಯಲ್ಲಿ ನಗು ಎದ್ದಿತು. ಅದರಾಚೆಯ ಮನೆಯಲ್ಲೂ ಎದ್ದಿತು. ಎದುರು ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಬೀದಿಯ ಉದ್ದಕ್ಕೂ ಒಂದೇ ಗಳಿಗೆಯಲ್ಲಿ ಹಾರುವ ನಗು ಅದು. ಜಬ್ಬಾರನ ಕಿವಿ ಕೆಂಪಾಯಿತು. ಹಫೀಜಾ ಮಾತ್ರ ಆ ದನಿಯನ್ನು ಎರಡನೆಯ ‘ಶ್’ಗೇ ಗುರುತು ಹಿಡಿದಿದ್ದಳು. ಗಂಟಲು ಎಷ್ಟೇ ದಪ್ಪ ಮಾಡಿಕೊಂಡರೂ ಹೆತ್ತವಳಿಗೆ ತಿಳಿಯದೇ ಇರುತ್ತದೆಯೇ? ಅವಳು ಡ್ರಮ್ಮಿನ ಕಡೆ ನೋಡಿದಳು. ಡ್ರಮ್ಮಿನ ಹಿಂದೆ ಲಂಗದ ಅಂಚು ಮಾತ್ರ ಕಾಣುತ್ತಿತ್ತು.

“ರೀ, ಅದು...” ಎಂದು ಅವಳು ಎದ್ದಳು.

“ಅದು ಯಾರು ಅಂತ ನಂಗೆ ಗೊತ್ತಿಲ್ವಾ?” ಎಂದು ಜಬ್ಬಾರ್ ಹಲ್ಲು ಕಚ್ಚಿ ಪಿಸುಗುಟ್ಟಿ, ಒಗೆಯುವ ಕಲ್ಲು ಹತ್ತಿ ಗೋಡೆಯಾಚೆ ತಲೆ ಹಾಕಿದ. ಜಗಳವನ್ನೂ ಪಿಸುಮಾತಿನಲ್ಲೇ ಮಾಡಬೇಕಾದ ಪರಿಸ್ಥಿತಿ. “ಶಾಂತರಾಜು! ಬಾರಯ್ಯ ಈಚೆಗೆ! ಒಂದ್ ತಂತಿ ಕೊಟ್ಟಿದ್ಕೆ ನನ್ನೇ ಆಡಿಸ್ತೀಯಾ?”

ಶಾಂತರಾಜು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಬಂದ. ಕಣ್ಣಿನಲ್ಲಿ ನೀರು. “ನಾನಲ್ಲ ಕಣಣ್ಣ... ಅಯ್ಯಯ್ಯೋ... ಟೀವೀಲಿ ಕಣಣ್ಣ! ಬಿರ್ರನೆ ಬಾ, ಮುಗ್ದೋಯ್ತದೆ, ನೋಡ್ಬಾ!”

“ನಾನ್ಯಾಕ್ ಬರ್ಲಿ? ನಮ್ಮನೇಲೇ ರೆಕಾರ್ಡ್ ಆಯ್ತಾ ಅದೆ!”

“ಇದನ್ನ ನೀನು ನೋಡ್ಲೇಬೇಕು ಕಣಣ್ಣೋ!”

“ಆಮೇಲೆ ನೋಡ್ತೀನಿ, ಸಾವಧಾನವಾಗಿ. ಎಷ್ಟ್ ಸಲ ಬೇಕಾದ್ರೂ ನೋಡ್ತೀನಿ. ನಿನ್ ಟೀವೀಲಿ ಒಂದೇ ಸಲ ಬತ್ತದೆ, ಅದ್ಕೆ ನಿಂಗೆ ಅವಸರ. ನಗಬ್ಯಾಡ, ನಗು ಒಳಿಕ್ಕೆ ಓಯ್ತದೆ!”

ಶಾಂತರಾಜುವಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವನು ಹಿತ್ತಲಿನಲ್ಲಿಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಜಬ್ಬಾರ್ ಕಲ್ಲಿನಿಂದಿಳಿದು ಬಾಗಿಲಿಗೆ ಮರಳಿ ಬೆನ್ನು ಕೊಟ್ಟ. ಅಷ್ಟರಲ್ಲಿ ಊರಿನ ಟೀವಿಗಳಲ್ಲೆಲ್ಲ ಕಾರ್ಯಕ್ರಮ ಮುಗಿಯಿತು.

ಮೊದಲು ಬಂದವಳು ಶಿವಲಕ್ಷ್ಮಿ. ಅಡುಗೆಮನೆಯ ಬಾಗಿಲಿನಿಂದ ನೇರ ಹಫೀಜಾಳ ಬಳಿ ಬಂದು, ಸೆರಗನ್ನು ಬಾಯಿಗೆ ತುರುಕಿಕೊಂಡೇ ಹೇಳಿದಳು. “ಅಫೀಜಕ್ಕ, ಏನ್ ಮಗಳ ಎತ್ತಿದ್ದೀಯೆ! ನಿಮ್ಮೆಜಮಾನ್ರು ಅಂದ್ರೆ ನಿಮ್ಮೆಜಮಾನ್ರೇ! ಆ ತಾರಸಿ, ಆ ಕೋತಿ, ಆ ಡಿಶ್ಶು! ಕೋತಿ ಮಾಡ್ತಾಳೆ, ತಕ್ಷಣ ಇವರ್ನ ಮಾಡ್ತಾಳೆ, ಆಮೇಲೆ ಯಾವ್ದು ಯಾವ್ದು ಅಂತ್ಲೇ ಗೊತ್ತಾಗಲ್ಲ ಕಣಕ್ಕ! ನೀನೂ ಇದ್ದೀಯೆ. ‘ಬಂತು, ಓಯ್ತು’ ಅಂತೀಯೆ, ಅಷ್ಟೆ.”

ತನಗೆ ಅಷ್ಟೇ ಮಾತು ಸಿಕ್ಕಿತೆಂದು ಹಫೀಜಾಗೆ ಒಂದು ಗಳಿಗೆ ಚುರುಕ್ಕೆಂದಿತು. ಯೋಚಿಸಿ ನೋಡಿದರೆ ಈ ಮನೆಯಲ್ಲಿ ತಾನು ಇತ್ತೀಚೆಗೆ ಆಡಿದ ಮಾತೆಲ್ಲ ಅಷ್ಟೇ ಎನಿಸಿ ನಗು ಬಂತು. ನಗು ನಿಂತ ಮೇಲೆ ಹೆದರಿಕೆಯಾಯಿತು. ಗಂಡನ ಕೋಪ ಅವಳಿಗೆ ಗೊತ್ತು. ಬಹಳ ಹೊತ್ತು ಇರುವುದಿಲ್ಲ. ಆದರೆ ಊರೆಲ್ಲ ನಕ್ಕಿದ್ದಕ್ಕೆ ಮಗುವಿನ ಮೇಲೆ ಒಂದು ಸಲ ಕಣ್ಣು ಬಿಟ್ಟನೆಂದರೆ, ಈ ಹುಡುಗಿ ಇನ್ನು ಯಾರ ಮುಂದೆ ಬಾಯಿ ತೆರೆದಾಳು? ಆ ಪಾಯಸ ಬೇಡವಾದದ್ದು ಯಾಕೆಂದು ಈಗ ತಿಳಿಯಿತು.

ಹೊರಗೆ ಅಂಗಳದಲ್ಲಿ ಜಬ್ಬಾರ್ ಅಭಿನಂದನೆ ಸ್ವೀಕರಿಸುತ್ತಿದ್ದ. ಬಂದವರೆಲ್ಲ ಅವನ ಮುಖ ನೋಡಿದೊಡನೆ ನಗುತ್ತಿದ್ದರು. ಆನೆ ಅಷ್ಟು ಚೆನ್ನಾಗಿ ಬಂದಿದೆ ಎಂದು ಅವನು ತಿಳಿದ. ಮಲ್ಲಾಜಮ್ಮನೂ ಯಾರದೋ ಮನೆಯಲ್ಲಿ ಬುಟ್ಟಿ ಇಳಿಸಿ ನೋಡಿಕೊಂಡು ಬಂದಿದ್ದಳು.

“ಬಂತಾ ಜಬ್ಬಾರಣ್ಣ?” ಎಂದಳು.

“ಪೂರ್ತಿ ಬಂದದೆ ಕಣಮ್ಮ.”

“ಈಗ ಓಯ್ತಾ?” ಎಂದು ಕೇಳಿ, ಸೊಪ್ಪಿನ ಬುಟ್ಟಿ ಕುಣಿಯುವಷ್ಟು ನಗುತ್ತಾ ಹೊರಟುಹೋದಳು.

“ಈಯಮ್ಮಂಗೆ ಬಿಸಿಲು ಹೊಡೆದಿದೆ” ಎಂದ ಜಬ್ಬಾರ್, ಬಾಗಿಲ ಹಾಸಿಗೆ ಸರಿಸಿ ಎ‌ಲ್ಲರನ್ನೂ ಒಳಗೆ ಕರೆದ. ಗೋಡೆಗೆ ಒರಗಿದರೆ ಮೆತ್ತಗೆ, ನೆಲದಲ್ಲಿ ಕೂತರೆ ಮೆತ್ತಗೆ. ಗುಂಡ್ಲುಪೇಟೆಯಲ್ಲಿ ಇಷ್ಟು ಸುಖವಾಗಿ ಯಾರೂ ಟೀವಿ ನೋಡಿರಲಾರರು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಜಬ್ಬಾರ್ ಗಂಟಲು ಸರಿಪಡಿಸಿಕೊಂಡು ರಿಮೋಟು ಎತ್ತಿದ.

ಪರದೆಯ ಮೇಲೆ ಜರಿಯಂಚಿನ ಬಿಳೀ ಸೀರೆಯ ಒಬ್ಬ ಹೆಂಗಸು ಬಂದು ಕೈಮುಗಿದಳು.

“ಇವರು ಯಾರು?” ಎಂದಳು ಫರಹತ್.

“ಮುಖ್ಯ ಅತಿಥಿ ಇರಬೇಕು.”

ಮುಖ್ಯ ಅತಿಥಿ ಮಲಯಾಳದಲ್ಲಿ ನಾಲ್ಕು ಮಾತಾಡಿ, ಒಂದು ದೊಡ್ಡ ಮೀನನ್ನು ಹಲಗೆಯ ಮೇಲಿಟ್ಟಳು.

“ಮುಖ್ಯ ಅತಿಥಿ ಯಾಕೆ ಮೀನು ಕೊಯ್ತಿದ್ದಾರೆ?”

“ಶ್! ಮೊದಲು ಊಟದ ಏರ್ಪಾಡು ತೋರಿಸ್ತಾರೆ. ನಂಗೆ...” ಎಂದ ಜಬ್ಬಾರ್, ಮಾತು ಮುಗಿಸಲಿಲ್ಲ.

ಮೀನಿಗೆ ಖಾರ ಹಚ್ಚಿದ್ದಾಯಿತು. ತೆಂಗಿನಹಾಲು ಸುರಿದದ್ದಾಯಿತು. ಜನ ಸುಮ್ಮನೆ ಕೂತು ನೋಡಿದರು. ಹುಳಿಗೆಂದು ಕುಡಂಪುಳಿ ಹಾಕುವಾಗ ಯಾರೋ, “ನಾವು ಹುಣಿಸೆಹಣ್ಣೇ ಹಾಕೋದು” ಎಂದು ಮೆಲ್ಲಗೆ ಹೇಳಿದರು. ಮೀನು ಬೆಂದಿತು. ಮುಖ್ಯ ಅತಿಥಿ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮತ್ತೆ ಕೈಮುಗಿದಳು. ಮುಗಿಯಿತು. ಹಬೀಬಾ ಬರಲಿಲ್ಲ. ಆನೆಯೂ ಬರಲಿಲ್ಲ.

“ಒಂದು ಮಾತು ಹೇಳ್ಬೇಕು ಜಬ್ಬಾರ್” ಎಂದಳು ಫರಹತ್. “ನಿನ್ನ ರೆಕಾರ್ಡಿಂಗ್ ಇಷ್ಟು ಚೆನ್ನಾಗಿ ಬಂದಿದ್ದು ಇದೇ ಮೊದಲು. ಒಂದು ಕೆಮ್ಮೂ ಇಲ್ಲ.”

ಯಾರೂ ನಗುವ ಮೊದಲೇ ಕಿಟಕಿಯ ಹಾಸಿಗೆ ಅಲುಗಿತು. ಅದು ಬದಿಗೆ ಸರಿದು, ಅಲ್ಲಿ ಕೇಬಲ್ ಗಂಗಾಧರಸ್ವಾಮಿಯ ತಲೆ ಕಾಣಿಸಿತು. ಕೈಯಲ್ಲಿ ತಂತಿ ಹಿಡಿದು, ಅದರ ಜಾಡಿನಲ್ಲೇ ಶಾಂತರಾಜುವಿನ ಮನೆಯಿಂದ ಗೋಡೆ ಹಾರಿ, ನುಗ್ಗೆಮರ ಸುತ್ತಿ ಬಂದಿದ್ದ.

“ಬೀದಿಗೆಲ್ಲಾ ಚಿತ್ರ ಅಲ್ಲಾಡ್ತಾ ಅದೆ ಅಂತ ಫೋನ್ ಮೇಲ್ ಫೋನು. ಯಾರೋ ತಂತಿಗೆ ಗಂಟಾಕವ್ರೆ ಅಂತ ನೋಡ್ಕಂಡ್ ಬಂದ್ರೆ... ಏನ್ ಜಬ್ಬಾರಣ್ಣ, ಆಕಾಶದಿಂದ ನೇರ ಅಂದೆ, ಆಕಾಶ ಶಾಂತರಾಜು ಹಿತ್ಲಲ್ಲಿ ಅದ್ಯಾ?”

ಬೇರೆ ದಿನವಾಗಿದ್ದರೆ ಜಬ್ಬಾರ್ ಕತ್ತರಿ ಹುಡುಕುತ್ತಿದ್ದ. ಈಗ ರಿಮೋಟನ್ನು ಎರಡು ಕೈಯಲ್ಲಿ ಹಿಡಿದು ಹೇಳಿದ. “ಸ್ವಾಮಿ, ತಂತಿ ಬಿಚ್ಕೊಂಡೋಗು. ಬಯ್ಯಿ. ಆದ್ರೆ ಡಬ್ಬದಲ್ಲಿ ನನ್ ಮಗಳು ಇಲ್ಲ ಕಣಯ್ಯ. ಮೀನು ಅದೆ.”

ಗಂಗಾಧರಸ್ವಾಮಿ ಕಿಟಕಿಯಿಂದಲೇ ಟೀವಿಯ ಬೆನ್ನು ನೋಡಿದ. “ನನ್ ತಂತಿ ಟೀವಿಗಲ್ವಾ ಚುಚ್ಚಿರೋದು? ಡಬ್ಬ ಡಿಶ್ಶಿಂದ ಬಂದಿದ್ದನ್ನ ಮಾತ್ರ ತುಂಬ್ಕತದೆ ಕಣಣ್ಣ. ಮಗು ಟೀವೀಲಿ ಬಂದ್ಲು, ನೋಡಿದ್ರೆ ನೋಡ್ಬೋದಿತ್ತು. ನೀನ್ ನೋಡ್ದೆ ಇನ್ನೇನ್ ಮಾಡ್ತಿದ್ದೆ?”

“ಬಾಗಿಲು ಕಾಯ್ತಿದ್ದೆ” ಎಂದ ಜಬ್ಬಾರ್.

“ಇನ್ನೊಂದು ಸಲ ಹಾಕ್ತೀಯೇನಪ್ಪ?” ಎಂದು ಹಫೀಜಾ ಕೇಳಿದಳು.

ಸ್ವಾಮಿಯ ಮುಖ ಸಣ್ಣದಾಯಿತು. “ನನ್ನತ್ರ ಇರೋದು ಒಂದೇ ಕ್ಯಾಸೆಟ್ಟು ಕಣಕ್ಕ. ಇದು ಮುಗಿದೇಟ್ಗೆ ಕ್ಯಾಮೆರಾಕ್ಕಾಕಿ ಒಂದ್ ಮದ್ವೆಗೆ ಕಳ್ಸ್‌ಬುಟ್ಟೆ. ಅದ್ರ ಮೇಲ್ಗೇ ಧಾರೆ ತುಂಬ್ತಾ ಅವರೆ ಈಗ.”

ಜಬ್ಬಾರ್ ಕೈಗೆ ಸಿಕ್ಕ ಒಂದು ಹಾಸಿಗೆಯ ಮೇಲೆ ಕುಸಿದು ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದ. ಶಾಂತರಾಜು ಛಾವಣಿ ನೋಡಿದ, ಶಿವಲಕ್ಷ್ಮಿ ಸೆರಗು ಕಚ್ಚಿದಳು, ಗಂಗಾಧರಸ್ವಾಮಿ ತಂತಿಯನ್ನು ಸುತ್ತತೊಡಗಿದ.

“ಅವಳು ಏನು ಮಾಡಿದ್ಲು ಅಂತ ಊರಿಗೆಲ್ಲ ಗೊತ್ತು” ಎಂದ ಜಬ್ಬಾರ್. “ನಂಗೆ ಗೊತ್ತಿಲ್ವಾ?”

ಹುಟ್ಟಿದ ಮೇಲೆ ಮೊದಲ ಬಾರಿಗೆ ಅದು ನಿಜವಾದ ಪ್ರಶ್ನೆಯಾಗಿತ್ತು. ಎಲ್ಲರೂ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಹಬೀಬಾ ನಿಂತಿದ್ದಳು. ಹಫೀಜಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ನೂಕಲಿಲ್ಲ, ಸುಮ್ಮನೆ ಇಟ್ಟಳು. ಹುಡುಗಿ ಎರಡು ಹೆಜ್ಜೆ ಮುಂದೆ ಬಂದು, ತಂದೆಯ ತೊಡೆಯ ಮೇಲಿದ್ದ ಟೋಪಿಯನ್ನು ತೆಗೆದುಕೊಂಡು, ಅದನ್ನು ಹಾಕಿಕೊಳ್ಳದೆ ಎದೆಗೆ ಹಿಡಿದುಕೊಂಡಳು.

“ಅಬ್ಬಾ, ಒಂದು ಕೇಳ್ಲಾ?”

ಅಭ್ಯಾಸಬಲದಿಂದ ಜಬ್ಬಾರನ ಬೆರಳು ತುಟಿಯ ತನಕ ಹೋಯಿತು. ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು.

“ಕೇಳು ಬೇಟಾ.”

“ನಾನು ಅವತ್ತು ನಿಮ್ಮನ್ನೇ ಮಾಡಿದ್ದು ಅಬ್ಬಾ. ಎಲ್ರೂ ನಕ್ಕರು. ಈಗ ಇಲ್ಲೇ ಮಾಡಿದ್ರೆ ನೀವೂ ನಗ್ತೀರಾ?”